ಮೊಳೆ ನೆಟ್ಟ ಜಾಗ

"ಏಯ್, ಆ ಕಾಲು ಒರೆಸ್ಕೊಂಡು ಒಳಗೆ ಬಾರೇ! ನೆಲ ಏನು ನಿಮ್ಮಪ್ಪ ಬಂದು ಒರೆಸ್ತಾನಾ?"

ಗುರುಪ್ರಸಾದ್ ಕೂಗಿದ್ದು ನನ್ನ ಅಕ್ಕ ಕಾಳಮ್ಮನಿಗೆ. ನೆಲ ಒರೆಸಲೆಂದೇ ಅವಳನ್ನು ಕರೆಸಿದ್ದು ಎಂಬುದು ಪುಣ್ಯಾತ್ಮನಿಗೆ ಮರೆತೇಹೋಗಿತ್ತು. ಸವಳಂಗ ರಸ್ತೆಯ ಕಲ್ಯಾಣಮಂಟಪ ಅದು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದು ನೂರಿಪ್ಪತ್ತೈದು ವರ್ಷವಾಯಿತೆಂದು ಪರಂಪರೆ ಸಮಿತಿಯೊಂದು ಉತ್ಸವ ಇಟ್ಟುಕೊಂಡಿತ್ತು. ಗುರುಪ್ರಸಾದ್ ಅದರ ಕಾರ್ಯದರ್ಶಿ. ಹಳಿ ಕೆಲಸದ ದಿನಗೂಲಿಗಳಾದ ನಮ್ಮನ್ನು ಮಲವಗೊಪ್ಪದಿಂದ ಗೂಡ್ಸ್ ಆಟೋದಲ್ಲಿ ತುಂಬಿಕೊಂಡು ಬಂದಿದ್ದರು. ಹಳೆಯ ಹಳಿಯ ತುಂಡೊಂದನ್ನು ಹೊತ್ತು ತಂದು ಮಂಟಪದ ಮುಂದಿನ ಹುಲ್ಲುಹಾಸಿನಲ್ಲಿ ನಿಲ್ಲಿಸಬೇಕಿತ್ತು. ಹೆಗಲ ಚರ್ಮ ಸುಲಿದುಹೋಗಿತ್ತು. ಕುಡಿಯಲು ನೀರು ಕೇಳಿದರೆ, "ಆ ಬಾಟ್ಲಿಗಳು ಗೆಸ್ಟ್‌ಗಳಿಗೆ ಕಣ್ರೋ, ಹಿಂದ್ಗಡೆ ನಲ್ಲಿ ಇದೆ ಹೋಗಿ" ಅಂದ.

ಅಷ್ಟರಲ್ಲಿ ಒಳಗೆ ಅಕ್ಕ ಚೀರಿದಳು. ಹಳಿ ಕೆಳಗಿಟ್ಟು ಎಲ್ಲರೂ ಓಡಿದೆವು.

ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಮಖಮಲ್ಲು ಹಾಸಿ ಸ್ಲೀಪರ್ ಮೊಳೆಗಳನ್ನು ಜೋಡಿಸಿದ್ದರು. ಹಿಂದೆ ಹಳಿಯನ್ನು ಅದರಡಿಯ ಮರದ ದಿಮ್ಮಿಗೆ, ಅಂದರೆ ಸ್ಲೀಪರಿಗೆ, ಬಿಗಿಯುತ್ತಿದ್ದ ಗೇಣುದ್ದದ ಕಬ್ಬಿಣದ ಮೊಳೆಗಳು. ಸುತ್ತ ಚೆಂಡುಹೂವಿನ ಹಾರ. 'ಮಲವಗೊಪ್ಪದ ಹಳಿಯ ಪಕ್ಕ ದೊರೆತದ್ದು' ಎಂದು ಕಾರ್ಡಿನಲ್ಲಿ ಬರೆದಿತ್ತು.

"ಲೋ ಸಿದ್ದ, ನಮ್ಮೋರ್ ಸಮಾಧಿ ಮೊಳೆ ಕಣೋ ಇವು! ನಮ್ ಸತ್ತೋರ್ ಮೊಳೆ!"

ಹೇಳುತ್ತೇನೆ ಕೇಳಿ. ನಮ್ಮ ಮುತ್ತಾತಂದಿರು ಬ್ರಿಟಿಷರ ಕಾಲದಲ್ಲಿ ಈ ರೈಲುದಾರಿಗೆ ಮಣ್ಣು ಹೊತ್ತವರು. ಚಳಿಜ್ವರ ಬಂದು ಹುಳುಗಳಂತೆ ಸತ್ತರು. ಊರಿನವರು ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ಮಣ್ಣು ತೆಗೆದ ಗುಂಡಿಗಳಲ್ಲೇ ಹೂತರು. ಗುರುತಿಗೆ ಕಲ್ಲು ನೆಟ್ಟರೆ ಗೌಡರ ಆಳುಗಳು ಕಿತ್ತೆಸೆಯುತ್ತಿದ್ದರು. ಆಗ ಯಾರೋ ಮೇಸ್ತ್ರಿಯ ಕಣ್ಣು ತಪ್ಪಿಸಿ ಒಂದು ಮೊಳೆ ತಂದು ನೆಟ್ಟರಂತೆ. ಅದನ್ನು ಒಬ್ಬನೂ ಮುಟ್ಟಲಿಲ್ಲ. ಸರ್ಕಾರದ ಮೊಳೆ ತಾನೇ, ಕಿತ್ತರೆ ಜೈಲು! ಹೆಣಕ್ಕಿಲ್ಲದ ಮರ್ಯಾದೆ ಕಬ್ಬಿಣಕ್ಕಿತ್ತು. ಮೀಟರ್ ಗೇಜ್ ಕಿತ್ತು ದೊಡ್ಡ ಹಳಿ ಹಾಕಿದಾಗ ನಮ್ಮ ಮನೆಮನೆಯಲ್ಲೂ ನಾಲ್ಕಾರು ಮೊಳೆ ಎತ್ತಿಟ್ಟುಕೊಂಡೆವು, ಮುಂದೆ ಸಾಯುವವರಿಗಿರಲಿ ಎಂದು. ಹೋದ ಮಳೆಗಾಲದಲ್ಲಿ ಅಕ್ಕನ ಒಬ್ಬನೇ ಮಗ ಮುರುಗ ಡೆಂಗಿಯಿಂದ ಸತ್ತ. ಅವನನ್ನೂ ಅಲ್ಲೇ ಹೂತೆವು, ಅವನ ತಲೆಯ ಹತ್ತಿರ ಮೊಳೆ ಹೊಡೆದವನು ನಾನೇ.

ಕಳೆದ ಅಮಾವಾಸ್ಯೆಗೆ ಅಕ್ಕ ಹೋಗಿ ನೋಡಿದರೆ ಅಲ್ಲಿ ಒಂದೂ ಮೊಳೆಯಿಲ್ಲ. ಪೊದೆ ಸವರಿ, ನೆಲ ಮಟ್ಟ ಮಾಡಿ ಯಾರೋ ಹೋಗಿದ್ದರು. ಮಗ ಎಲ್ಲಿ ಮಲಗಿದ್ದಾನೆಂದು ತಿಳಿಯದೆ ಅವಳು ಆ ಬಯಲನ್ನೆಲ್ಲ ಅಂಗೈಯಿಂದ ತಡವಿ ತಡವಿ ಅತ್ತಿದ್ದಳು. ಗುಜರಿ ಕಳ್ಳರ ಕೆಲಸವೆಂದು ನಾವು ಬೈದುಕೊಂಡೆವು. ಪಾಪ, ಗುಜರಿಯವರು!

ಅಕ್ಕನ ಕೂಗು ಕೇಳಿ ಸಮಿತಿಯ ಅಧ್ಯಕ್ಷ ವಾದಿರಾಜರು ಬಂದರು. ಕೋಟೆ ರಸ್ತೆಯವರು, ಇತಿಹಾಸದ ಮೇಷ್ಟ್ರಾಗಿ ನಿವೃತ್ತರಾದವರು, ಬಲು ಮೆತ್ತಗಿನ ಮಾತು.

"ಯಾಕಮ್ಮ ಅಳ್ತೀಯ? ಇವು ಪೊದೆಯಲ್ಲಿ ಅನಾಥವಾಗಿ ಬಿದ್ದಿದ್ವು. ನಾವು ತಂದು ಕಾಪಾಡಿದ್ದೀವಿ."

"ಬಿದ್ದಿರ್ಲಿಲ್ಲ ಸ್ವಾಮಿ, ನೆಟ್ಟಿದ್ವಿ. ಅದ್ರ ಕೆಳ್ಗೆ ನನ್ ಮಗ ಅವ್ನೆ."

ವಾದಿರಾಜರ ಕಣ್ಣು ಅರಳಿತು. ದೇವರಾಣೆ, ಅರಳಿತು! "ಸಮಾಧಿಯ ಗುರುತಾ? ಅಯ್ಯೋ, ಇದು ಎಲ್ಲೂ ದಾಖಲಾಗಿಲ್ವಲ್ಲ! ಗುರು, ಆ ಕಾರ್ಡ್ ಬದಲಾಯಿಸಪ್ಪ. ಈಯಮ್ಮನ್ನ ಪೆಟ್ಟಿಗೆ ಪಕ್ಕ ನಿಲ್ಲಿಸಿ ಒಂದು ಫೋಟೋ ತೆಗಿ. ವೇದಿಕೆ ಮೇಲೆ ಒಂದು ಶಾಲೂ ಹೊದಿಸೋಣ."

"ಶಾಲು ತಗೊಂಡ್ ಏನ್ ಮಾಡ್ಲಿ? ಯಾವ್ ಮೊಳೆ ಎಲ್ಲಿ ಕಿತ್ರಿ, ಅದ್ ಹೇಳಿ. ನನ್ ಮಗಂದ್ ಯಾವ್ದು?"

ಅವರು ಗುರುಪ್ರಸಾದನ ಮುಖ ನೋಡಿದರು. ಅವನು ತಲೆ ಕೆರೆದುಕೊಂಡ. "ಎಲ್ಲಾ ಒಂದೇ ಚೀಲಕ್ಕೆ ತುಂಬ್ಕೊಂಡು ಬಂದ್ವಿ ಸರ್. ಆಸಿಡ್‌ನಲ್ಲಿ ತೊಳೆದು ಕಪ್ಪು ಬಣ್ಣ ಬೇರೆ ಹೊಡ್ಸಿದೀವಿ." ಆಮೇಲೆ ಅಕ್ಕನತ್ತ ತಿರುಗಿದ. "ಏನೇ ನಿಂದು ರಾಮಾಯಣ? ಕಬ್ಬಿಣದ ಮೇಲೆ ಹೆಸ್ರು ಬರ್ದಿರುತ್ತಾ? ಗೆಸ್ಟ್ ಬರೋ ಹೊತ್ತಾಯ್ತು, ನಡಿ ಆಚೆ. ಒಂದು ಫೋನ್ ಹಾಕಿದ್ರೆ ನಾಳೆಯಿಂದ ನಿಮ್ ಕಂಟ್ರಾಕ್ಟರ್ ಒಬ್ರನ್ನೂ ಕೆಲ್ಸಕ್ಕೆ ಸೇರ್ಸಲ್ಲ. ಹುಟ್ಟಿದ ಜಾತಿ ಬುದ್ಧಿ ಎಲ್ಲಿ ಹೋಗುತ್ತೆ!"

ನಾವು ಬಾಗಿಲ ಕಡೆ ತಿರುಗಿದೆವು. ಹೌದು, ತಿರುಗಿದೆವು. ಮನೆಯಲ್ಲಿ ಒಲೆ ಉರಿಯಬೇಕಲ್ಲ.

ಅಕ್ಕ ತಿರುಗಲಿಲ್ಲ. ಹಾರವನ್ನು ಕಿತ್ತೆಸೆದು, ಗಾಜಿನ ಮುಚ್ಚಳ ಎತ್ತಿ, ಮೊಳೆಗಳನ್ನೆಲ್ಲ ಬಾಚಿ ಮಡಿಲಿಗೆ ಹಾಕಿಕೊಂಡಳು. ಗುರುಪ್ರಸಾದ್ "ಕಳ್ಳಿ, ಕಳ್ಳಿ!" ಎಂದು ಕೂಗುತ್ತ ಅವಳ ರಟ್ಟೆ ಹಿಡಿದು ಎಳೆದ.

"ಕೈ ಬಿಡೋ ಬೋಳಿಮಗನೇ! ಹೆಣದ್ ಮೇಲಿಂದ ಕದ್ದೋನು ನೀನು, ಕಳ್ಳಿ ನಾನಾ?"

ನಾನು ಇಬ್ಬರ ನಡುವೆ ಹೋಗಿ ನಿಂತೆ. ಅವನು ಕೈ ಬಿಟ್ಟ. ಅಕ್ಕ ನೆಟ್ಟಗೆ ಹುಲ್ಲುಹಾಸಿಗೆ ನಡೆದು, ಕುಕ್ಕರಗಾಲಲ್ಲಿ ಕೂತು, ಒಂದು ಮೊಳೆಯನ್ನು ನೆಲಕ್ಕೆ ಊರಿ ಹಿಡಿದಳು.

"ಹೊಡಿಯೋ ಸಿದ್ದ."

"ಅಕ್ಕಾ, ಇಲ್ಲೇನಾ..."

"ಹೊಡಿ ಅಂದೆ!"

ಹಳಿ ನಿಲ್ಲಿಸಲೆಂದು ತಂದಿದ್ದ ದೊಡ್ಡ ಸುತ್ತಿಗೆ ಎತ್ತಿ ಹೊಡೆದೆ. ಎರಡನೆಯ ಮೊಳೆಯನ್ನು ನಮ್ಮ ಜೊತೆ ಕೂಲಿಗೆ ಬಂದಿದ್ದ ಪುಷ್ಪಮ್ಮ ಬಂದು ಹಿಡಿದಳು, ಅವಳ ಗಂಡನೂ ಮಲವಗೊಪ್ಪದ ಆ ಬಯಲಲ್ಲೇ ಮಲಗಿದ್ದವನು. ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ನಮ್ಮವರೆಲ್ಲ ಒಂದೊಂದು ಮೊಳೆ ಹಿಡಿದು ಕೂತರು.

ವಾದಿರಾಜರು ಪಂಚೆ ಎತ್ತಿಕೊಂಡು ಓಡಿಬಂದರು. "ಏನ್ರಪ್ಪಾ ಇದು? ಮದುವೆ ಮುಂಜಿ ನಡೆಯೋ ಜಾಗ ಮಾರಾಯ್ರೆ!"

"ಸ್ಮಶಾನ ಕಿತ್ಕೊಂಡ್ ಬಂದೋರು ನೀವು," ಅಂದಳು ಅಕ್ಕ. "ಇನ್ಮೇಲೆ ನಮ್ ಸ್ಮಶಾನ ಇದೇಯ. ಮುಂದಿನ್ ಹೆಣ ಇಲ್ಲಿಗೇ ತರ್ತೀವಿ. ಹೂಳಕ್ಕೆ ಬಿಡಲ್ಲ ಅನ್ನಿ, ನೋಡಣ."

ಗೇಟಿನಲ್ಲಿ ಅತಿಥಿಗಳ ಕಾರು ಬಂದು ನಿಂತಿತು, ಅದರ ಹಿಂದೆ ಪೊಲೀಸ್ ಜೀಪು. ಅಕ್ಕ ಅತ್ತ ನೋಡಲೇ ಇಲ್ಲ. ಯಾವುದು ಮಗನದೆಂದು ಗೊತ್ತಿಲ್ಲವಲ್ಲ, ಒಂದೊಂದು ಮೊಳೆಯ ಹತ್ತಿರವೂ ಮಂಡಿಯೂರಿ, ಅದರ ತಲೆ ಸವರಿ, "ಮುರುಗಾ" ಎಂದು ಕರೆದು, ಮುಂದಿನದಕ್ಕೆ ತೆವಳುತ್ತಿದ್ದಳು. ಪೊಲೀಸಿನವನು ಲಾಠಿ ಎತ್ತಿಕೊಂಡು, "ನಿಲ್ಸೋ ಅದನ್ನ!" ಎನ್ನುತ್ತ ನನ್ನ ಕಡೆ ಬಂದ. ಇನ್ನೂ ಕೆಲವು ಮೊಳೆಗಳು ಬಾಕಿಯಿದ್ದವು. ನಾನು ಹೊಡೆಯುತ್ತಲೇ ಇದ್ದೆ.