ವಾಣಿಯ ಹವಳ

"ಮೀನಿಗೇನೂ ಆಗಿಲ್ಲ ಸರ್," ಅಂದ ಅಂಜನ್ ಕುಮಾರ್, ಗಾಜಿಗೆ ಹಣೆ ತಾಗುವಷ್ಟು ಬಗ್ಗಿ. "ಹವಳ ಮಾತ್ರ ಕೆಟ್ಟೈತೆ."

ಬಸವಪ್ರಭು ಸೋಫಾದಿಂದ ಏಳಲಿಲ್ಲ. ಪಿ.ಜೆ. ಬಡಾವಣೆಯ ಅವನ ಮನೆಯ ಹಾಲ್‌ನಲ್ಲಿ, ಮೊದಲು ಟಿ.ವಿ. ಇದ್ದ ಜಾಗದಲ್ಲಿ, ಎರಡು ವರ್ಷದಿಂದ ಉಪ್ಪುನೀರಿನ ಅಕ್ವೇರಿಯಂ ಇತ್ತು. ಅದು ಹೆಂಡತಿ ವಾಣಿಯದು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಅವಳು ಉಗುರಿನಷ್ಟು ಹವಳದ ಚೂರುಗಳನ್ನು ತರಿಸಿ, ಕಲ್ಲಿಗೆ ಅಂಟಿಸಿ, ಅಂಗೈ ಅಗಲ ಬೆಳೆಸಿದ್ದಳು. ನೇರಳೆ, ಹಸಿರು ಹವಳಗಳ ಮೈಮೇಲಿನ ಜೀವಂತ ಪೊರೆ ಈಗ ನೆನೆದ ಕಾಗದದಂತೆ ಕಿತ್ತು ಬಂದು, ಒಳಗಿನ ಬಿಳಿ ಎಲುಬು ಕಾಣುತ್ತಿತ್ತು.

ಅಂಜನ್ ಹರಿಹರದವನು. ಅಲ್ಲಿಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನೀರು ಪರೀಕ್ಷಿಸುವ ಕೆಲಸ. ಅವನೂ ಹವಳ ಸಾಕಿದ್ದ. ಆ ಹುಚ್ಚೇ ವಾಣಿಗೂ ಅವನಿಗೂ ಪರಿಚಯ ಮಾಡಿಸಿತ್ತು. ಅವನ ಜೊತೆ ಫೋನಿನಲ್ಲಿ ಮಾತಾಡುವಾಗ ವಾಣಿಯ ದನಿ ಏರುತ್ತಿತ್ತು, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದಳು. ಹದಿನೇಳು ವರ್ಷದ ಸಂಸಾರದಲ್ಲಿ ತನ್ನನ್ನು ಅವಳು ಅಷ್ಟು ಆಸೆಯಿಂದ ಏನನ್ನಾದರೂ ಕೇಳಿದ್ದು ಬಸವಪ್ರಭುವಿಗೆ ನೆನಪಿರಲಿಲ್ಲ.

"ಹೋದ ತಿಂಗಳು ನೀನೇ ಹೊಸ ಲೈಟ್ ಹಾಕಿದೆಯಲ್ಲಪ್ಪ," ಅಂದ. "ಅದಕ್ಕೇ ಸುಟ್ಟಿರಬೇಕು."

ಟ್ಯಾಂಕಿನ ಪಕ್ಕ ನಿಂತಿದ್ದ ವಾಣಿ ತಟ್ಟನೆ ಅಂಜನ್ ಕಡೆ ನೋಡಿದಳು. ಆ ನೋಟದಲ್ಲಿ ಒಂದು ಎಳೆ ಅನುಮಾನವಿತ್ತು. ಬಸವಪ್ರಭುವಿಗೆ ಒಳಗೊಳಗೇ ಹಿತವಾಯಿತು.

"ಲೈಟಿಗೆ ಸುಟ್ಟಿದ್ರೆ ಮ್ಯಾಲಿನವು ಮೊದ್ಲು ಬೆಳ್ಳಗಾಗ್ತಿದ್ವು ಸರ್. ಇಲ್ಲಿ ಕಲ್ಲಿನ ನೆರಳಾಗಿರೋವೂ ಸಾಯಾಕ ಹತ್ಯಾವೆ." ಅಂಜನ್ ಉದ್ದನೆಯ ಚಿಮಟದಿಂದ ಮರಳು ಕೆದಕಿ ಬಸವನಹುಳುವಿನ ಖಾಲಿ ಚಿಪ್ಪು ತೆಗೆದ. ಇನ್ನೊಂದು ತೆಗೆದ. "ಸೀಗಡಿ ಎಲ್ಲಿ ಮೇಡಂ?"

"ಒಂದು ವಾರದಿಂದ ಕಂಡಿಲ್ಲ."

ಅವನು ಚೀಲದಿಂದ ಪುಟ್ಟ ಬಾಟಲಿ ತೆಗೆದು, ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಹನಿ ಹಾಕಿದ. ಕಿಟಕಿಯ ಬೆಳಕಿನಲ್ಲಿ ಬಣ್ಣದ ಪಟ್ಟಿಯ ಪಕ್ಕ ಇಟ್ಟು ನೋಡಿದ. "ತಾಮ್ರ ಐತೆ ಮೇಡಂ ನೀರಾಗೆ. ಮೀನು ತಡ್ಕೊಂತಾವೆ. ಹವಳ, ಸೀಗಡಿ ತಡ್ಕಳಲ್ಲ."

"ತಾಮ್ರ ಎಲ್ಲಿಂದ ಬರ್ತೈತೆ?" ಅಂದಳು ವಾಣಿ.

"ಪಂಪ್ ನೋಡಬೇಕು. ಇಲ್ಲಾ, ಹಾಕಿದ ನೀರಿಂದ."

ಬಸವಪ್ರಭು ಸೋಫಾದಲ್ಲಿ ನೆಟ್ಟಗೆ ಕೂತ. ತಂಗಿಯ ಬಾಣಂತನಕ್ಕೆಂದು ವಾಣಿ ಮಲೆಬೆನ್ನೂರಿಗೆ ಹೋಗಿ ಹದಿನೈದು ದಿನ ಇದ್ದು, ಹೋದ ವಾರವಷ್ಟೇ ಬಂದಿದ್ದಳು. ಹೋಗುವಾಗ, ಆವಿಯಾಗಿ ಇಳಿದಷ್ಟು ನೀರು ಟ್ಯಾಂಕಿಗೆ ತುಂಬಿಸುವ ಕೆಲಸವನ್ನು ಗಂಡನಿಗಲ್ಲ, ಅಂಜನ್‌ಗೆ ಒಪ್ಪಿಸಿದ್ದಳು. ಅವತ್ತೇ ಬಸವಪ್ರಭು ಅವನಿಗೆ ಫೋನ್ ಮಾಡಿ, "ಹರಿಹರದಿಂದ ಯಾಕ ಓಡಾಡ್ತೀಯ, ನಾನೇ ನೋಡ್ಕೊಂತೀನಿ" ಅಂದಿದ್ದ. ಟ್ಯಾಂಕಿಗೆಂದು ವಾಣಿ ಇಟ್ಟಿದ್ದ ಫಿಲ್ಟರ್ ನೀರು ಅವನಿಗೆ ಸಪ್ಪೆ ಅನ್ನಿಸಿತ್ತು. ಅವ್ವ ಬದುಕಿರೋವರೆಗೂ ಮನೆಮಂದಿಗೆಲ್ಲ ಕುಡಿಸುತ್ತಿದ್ದ ತಾಮ್ರದ ಕೊಡದ ನೀರಿಗಿಂತ ಒಳ್ಳೇದು ಯಾವುದಿದೆ? ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ನೀರು ತುಂಬಿಟ್ಟು, ದಿನಾ ಬೆಳಗ್ಗೆ ತನ್ನ ಅಂಗಡಿಗೆ ಹೋಗುವ ಮುಂಚೆ ತಾನೇ ನಿಧಾನಕ್ಕೆ ಸುರಿದಿದ್ದ.

ಅಂಜನ್ ಪಂಪ್ ಬಿಚ್ಚಿದ. ಒಂದು ಸ್ಕ್ರೂ ಸುತ್ತ ತಾಮ್ರದ ಕಿಲುಬಿನಂಥ ಹಸಿರು ಕಲೆಯಿತ್ತು. ಅವನ ಮುಖ ಬಾಡಿತು.

"ಇದು ನಾನೇ ಕೂಡಿಸಿದ್ದ ಪಂಪು. ನಂದೇ ತಪ್ಪಿರಬೇಕು ಮೇಡಂ."

ಬಸವಪ್ರಭು ಸುಮ್ಮನಿದ್ದರೆ ಸಾಕಿತ್ತು.

ವಾಣಿ ಬಿಳಿಚಿದ ಹವಳಗಳನ್ನು ನೋಡಿದಳು. ಆಮೇಲೆ, "ಇರಲಿ ಬಿಡ್ರಿ ಅಂಜನ್," ಅಂದಳು. "ನೀವು ಪ್ರೀತಿಯಿಂದ ಮಾಡಿದ್ರಿ. ಬೇಕಂತ ಮಾಡಿದ್ದಲ್ಲ."

ಎಷ್ಟು ಮೆತ್ತಗೆ ಅಂದಳೆಂದರೆ, ಬಸವಪ್ರಭುವಿಗೆ ತಡೆಯಲಾಗಲಿಲ್ಲ. ಆ ಮಾತು ತನಗೆ ಸಲ್ಲಬೇಕಾದದ್ದು.

"ಪಂಪಲ್ಲ ಅದು," ಅಂದ. "ನಾನು. ತಾಮ್ರದ ಕೊಡದ ನೀರು ಹಾಕಿದ್ದೆ. ಹದಿನೈದು ದಿನ."

ವಾಣಿ ತಿರುಗಿ ಅವನನ್ನು ನೋಡಿದಳು. ಅವನು ಕಾದ. ಅವಳು ಬೈಯಲಿಲ್ಲ, ಇರಲಿ ಬಿಡ್ರಿ ಅಂತಲೂ ಅನ್ನಲಿಲ್ಲ. ಅಂಜನ್ ಕಡೆ ತಿರುಗಿ ಕೇಳಿದಳು: "ಉಳಿದಿರೋವನ್ನ ಉಳಿಸ್ಕೊಬಹುದಾ?"

"ನನ್ನ ಟ್ಯಾಂಕಿಗೆ ಹಾಕಿದ್ರೆ ಒಂದೆರಡು ಉಳಿದಾವು. ಇವತ್ತೇ ಒಯ್ಯಬೇಕು."

ಹರಿಹರಕ್ಕೆ ಕಾರು ಬಸವಪ್ರಭುವೇ ಓಡಿಸಿದ. ಹಿಂದಿನ ಸೀಟಿನಲ್ಲಿ ವಾಣಿ ಮತ್ತು ಅಂಜನ್, ಇಬ್ಬರ ನಡುವೆ ಹವಳದ ಚೂರುಗಳಿದ್ದ ಬಕೆಟ್. ರಸ್ತೆಯ ಹಂಪುಗಳಲ್ಲಿ ಇಬ್ಬರೂ ಒಟ್ಟಿಗೆ ಕೈ ಚಾಚಿ ಅದನ್ನು ಹಿಡಿಯುತ್ತಿದ್ದದ್ದು ಕನ್ನಡಿಯಲ್ಲಿ ಕಾಣುತ್ತಿತ್ತು.

ಅಂಜನ್‌ದು ಎರಡು ಕೋಣೆಯ ಬಾಡಿಗೆ ಮನೆ. ಕಿಟಕಿಯ ಪಕ್ಕ ಅವನ ಸಣ್ಣ ಟ್ಯಾಂಕ್. ಬಕೆಟ್‌ಗೆ ಆ ಟ್ಯಾಂಕಿನ ನೀರನ್ನೇ ಸ್ವಲ್ಪ ಸ್ವಲ್ಪ ಬೆರೆಸಿ, ಒಂದು ತಾಸಿನ ಮೇಲೆ ಮೂರು ಚೂರುಗಳನ್ನು ಅದರ ಮೂಲೆಯಲ್ಲಿ ಇಟ್ಟರು.

"ವಾರಕ್ಕೊಮ್ಮೆ ಬಂದು ನೋಡ್ತೀನಿ," ಅಂದಳು ವಾಣಿ.

"ನಾನೇ ಕರ್ಕೊಂಡು ಬರ್ತೀನಿ," ಅಂದ ಬಸವಪ್ರಭು. ವಾಣಿ ಟ್ಯಾಂಕಿನ ಗಾಜಿಗೆ ಇನ್ನಷ್ಟು ಹತ್ತಿರ ಬಗ್ಗಿದಳು.

ಸುಮಾರು ಹೊತ್ತಾದ ಮೇಲೆ ಹಸಿರು ಚೂರಿನಿಂದ ಕೂದಲೆಳೆಯಷ್ಟು ಸಣ್ಣ, ಜೀವಂತ ಬೆರಳೊಂದು ಹೊರಗೆ ಇಣುಕಿತು. "ನೋಡ್ರಿ," ಅಂದಳು ವಾಣಿ, ಯಾರಿಗೆಂದು ಹೇಳದೆ. ಅಂಜನ್ ಅವಳ ಪಕ್ಕಕ್ಕೆ ಬಗ್ಗಿದ. ಖಾಲಿ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಬಸವಪ್ರಭುವಿಗೆ ಅಲ್ಲಿಂದ ಅವರಿಬ್ಬರ ಬೆನ್ನು ಮಾತ್ರ ಕಾಣುತ್ತಿತ್ತು. ಬಕೆಟ್‌ನ ಮೈಯಿಂದ ಉಪ್ಪುನೀರು ಹನಿಹನಿಯಾಗಿ ಅವನ ಕಾಲಮೇಲೆ ಬೀಳುತ್ತಿತ್ತು.