ಗರಿಯಲ್ಲಿ ಬರೆದ ಬಸ್ಸು

ನಮ್ಮಕ್ಕ ಸಿಕಿರಾತು ತೀರಿಕೊಂಡು, ಎಂಟನೇ ದಿನದ ಪ್ರಾರ್ಥನೆಗೆ ಇನ್ನೊಂದೇ ದಿನ ಇತ್ತು. ಲಾಗೋಸಿನಿಂದ ಬಂದಿದ್ದ ಅವಳ ಮಗಳು ಮೊರೆನಿಕೆ ಅಮ್ಮನ ಪೆಟ್ಟಿಗೆ ತೆಗೆದವಳೇ ಕೂಗಿಕೊಂಡಳು, "ಚಿಕ್ಕಮ್ಮಾ, ಬಾ ಇಲ್ಲಿ!"

ಓಡಿದೆ. ಬಿಳಿ ಬಟ್ಟೆ, ಅದರ ಮೇಲೆ ಕೋಳಿಗರಿಯನ್ನ ಮರಗೆಣಸಿನ ಗಂಜಿಗೆ ಅದ್ದಿ ಬರೆದ ಚಿತ್ತಾರ. ಗಂಜಿ ಕೂತಲ್ಲಿ ನೀಲಿ ಹತ್ತೋದಿಲ್ಲ, ಬಿಳಿಯಾಗೇ ಉಳಿಯುತ್ತೆ. ನಮ್ಮ ಅಬೆಯೊಕುಟಾದ ಹೆಂಗಸರ ಕಸುಬೇ ಅದು. ಆದರೆ ಅಕ್ಕ ಬರೆದದ್ದು ಹಕ್ಕಿಯೂ ಅಲ್ಲ, ಎಲೆಯೂ ಅಲ್ಲ. ಲಾಗೋಸಿನ ಹಳದಿ ಬಸ್ಸು! ಕಿಟಕಿಯಲ್ಲಿ ಒಂದು ಕೋಳಿ ಬೇರೆ ಇಣುಕುತ್ತಿತ್ತು. ಬಟ್ಟೆಯನ್ನ ನೀಲಿಗೆ ಅದ್ದೋದೊಂದೇ ಬಾಕಿ ಇತ್ತು.

ಈ ಹುಡುಗಿ ಬೀದಿ ಹುಡುಗರ ಜಾಕೆಟ್ಟಿಗೆ ನಮ್ಮ ನೀಲಿ ಹಾಕಿ, ಬಸ್ಸುಗಳ ಬೆನ್ನ ಮೇಲಿನ ಮಾತುಗಳನ್ನ ಅದರಲ್ಲಿ ಮೂಡಿಸಿ ದೊಡ್ಡ ಕಲಾವಿದೆ ಅನ್ನಿಸಿಕೊಂಡವಳು. ಅಕ್ಕನಿಗೆ ಮೈಯೆಲ್ಲ ಉರಿಯೋದು. "ನನ್ನ ಹೆಣಕ್ಕೂ ಬಸ್ಸಿನ ಬಟ್ಟೆ ಹೊದಿಸ್ತೀಯೇನೇ?" ಅಂತ ಬೈದು ಮಾತೇ ಬಿಟ್ಟಿದ್ದಳು. ಮಾತು ಬಿಟ್ಟವಳು ಗುಟ್ಟಾಗಿ ಕೂತು ಇದನ್ನ ಬರೆದಿದ್ದಾಳೆ ನೋಡಿ, ಹಟಮಾರಿ.

"ನಾಳೆ ಇದನ್ನೇ ಉಡ್ತೀನಿ," ಅಂದಳು ಮೊರೆನಿಕೆ, ಅಳುತ್ತಾ ನಗುತ್ತಾ.

ಸಾವಿನ ಗಡಿಬಿಡಿಯಲ್ಲಿ ಅಕ್ಕ ನೀಲಿ ಬಣ್ಣ ಹುದುಗಿಸಿಟ್ಟಿದ್ದ ಗಡಿಗೆಯನ್ನ ಯಾರೂ ಕಲಕಿರಲಿಲ್ಲ, ಅದು ಕೆಟ್ಟು ನಾರುತ್ತಿತ್ತು. ಯಾರ ಗಡಿಗೆಯಾದರೂ ಸಿಗುತ್ತೇನೋ ಅಂತ ನಾನು ಪಕ್ಕದ ಕೇರಿಗೆ ಹೋದೆ. ಬರೋ ಹೊತ್ತಿಗೆ ಅವಳು ಪ್ಯಾಕೆಟ್ ಬಣ್ಣ ತಂದು, ನೀರು ಕುದಿಸಿ, ಬಟ್ಟೆ ಅದ್ದಿಬಿಟ್ಟಿದ್ದಳು. ಲಾಗೋಸಿನಲ್ಲಿ ಅವಳದ್ದು ಬಟ್ಟೆಯನ್ನ ದಾರದಲ್ಲಿ ಗಂಟು ಕಟ್ಟಿ ಅದ್ದೋ ಕೆಲಸ; ದಾರಕ್ಕೆ ಬಿಸಿನೀರು ಏನು ಮಾಡುತ್ತೆ? ಗರಿ ಹಿಡಿದು ಕೂರೋ ತಾಳ್ಮೆ ಅವಳಿಗೆ ಯಾವತ್ತೂ ಇರಲಿಲ್ಲ.

"ಅಯ್ಯೋ, ತೆಗಿಯೇ! ಗಂಜಿ ಕಣೇ ಅದು, ಕರಗಿಹೋಗುತ್ತೆ! ತಣ್ಣನೆ ಗಡಿಗೆಯಲ್ಲೇ ಅದ್ದಬೇಕು!"

ತೆಗೆದಳು. ಬಟ್ಟೆ ಪೂರ್ತಿ ನೀಲಿ. ಬಸ್ಸಿಲ್ಲ, ಕೋಳಿಯಿಲ್ಲ. ನೀರಿನ ಮೇಲೆ ಗಂಜಿಯ ತೆಳು ಕೆನೆ ತೇಲುತ್ತಿತ್ತು. ಕೈ ಸುಡುತ್ತಿದೆ ಅನ್ನೋದೂ ಗೊತ್ತಿಲ್ಲದೆ ಅವಳು ಅದನ್ನ ಬೊಗಸೆಯಲ್ಲಿ ಎತ್ತಿ ಎತ್ತಿ ನೋಡುತ್ತಿದ್ದಳು. ಬೈಯಬೇಕು ಅಂತ ಬಾಯಿ ತೆರೆದೆ, ನನಗೇ ಅಳು ಬಂತು.

ಮಾರನೇ ದಿನ ಅದನ್ನೇ ಉಟ್ಟಳು. ನಮ್ಮಲ್ಲಿ ಒಂದೊಂದು ಚಿತ್ತಾರಕ್ಕೂ ಒಂದೊಂದು ಹೆಸರು, ಕೇಳದೆ ಯಾರೂ ಬಿಡೋದಿಲ್ಲ. ನೆರೆಮನೆಯ ಮುಬೀನಾತು ಬಟ್ಟೆಯ ತುದಿ ಹಿಡಿದು, "ಇದ್ಯಾವ ಚಿತ್ತಾರವೇ? ಬರೀ ನೀಲಿ ಇದೆಯಲ್ಲ?" ಅಂದಳು.

"ಬಸ್ಸು," ಅಂದೆ ನಾನು. "ಇವಳಮ್ಮ ಬರೆದದ್ದು. ಕಣ್ಣು ಕಾಣಲ್ವಾ ನಿಂಗೆ?"