ಐದನೇ ನಂಬರಿನ ಅಂಗೈ

ಬಿಳಿ ಅಂಗಿ ಇವತ್ತು ಬೇರೆ ಯಾರದೋ ಮೈಮೇಲಿದೆ, ಬೆನ್ನ ಮೇಲೆ ಹದಿನಾಲ್ಕು, ಐದು ಹಸಿರು ಅಂಗಿಗಳ ನಡುವೆ ಒಂದೇ ಒಂದು ಬಿಳಿ, ವಾಲಿಬಾಲಿನಲ್ಲಿ ಲಿಬೆರೊ ಅನ್ನುತ್ತಾರೆ, ನೆಟ್ಟಿನ ಮೇಲೆ ಹೊಡೆಯುವ ಹಕ್ಕಿಲ್ಲದವಳು, ಬೀಳುವ ಚೆಂಡನ್ನು ಎತ್ತಿಕೊಡುವುದಷ್ಟೇ ಅವಳ ಕೆಲಸ, ಅಲ್ಲಿ ಐದನೇ ನಂಬರಿನವಳು ಇರಬೇಕಿತ್ತು, ಎಲ್ಲಿ ಅವಳು — ಅಗೋ, ಮೂಲೆಯಲ್ಲಿ, ಬದಲಿ ಆಟಗಾರ್ತಿಯರು ನಿಲ್ಲುವ ಚೌಕದಲ್ಲಿ, ಜಾಕೆಟ್ಟಿನ ಜಿಪ್ಪು ಗಲ್ಲದವರೆಗೆ ಎಳೆದುಕೊಂಡು ಚಪ್ಪಾಳೆ ತಟ್ಟುತ್ತಿದ್ದಾಳೆ, ಪಟ್ಟಿ ಸುತ್ತಿದ ಆ ಎರಡು ಬೆರಳಿನಿಂದ ಗುರುತು ಹಿಡಿದೆ. ಆಟ ನಿನ್ನೆಯೇ ಕೊರಿಯಾದಲ್ಲಿ ಮುಗಿದಿದೆ, ನನ್ನ ಪರದೆಯ ಮೇಲೆ ಈಗ ನಡೆಯುತ್ತಿದೆ, ಮೂಕಂಡಪಲ್ಲಿಯ ಈ ಎರಡನೇ ಮಹಡಿಯಲ್ಲಿ, ಕೆಳಗೆ ಲೇತ್ ಮಿಷನ್ನಿನ ಸದ್ದು, ಮೇಲೆ ನಾವು ಹನ್ನೆರಡು ಹೆಂಗಸರು, ಕಿವಿಗೆ ಸದ್ದಿಲ್ಲದ ಆಟ, ಚೆಂಡನ್ನು ಯಾರು ಮುಟ್ಟಿದರು, ಒಳ್ಳೆಯದೋ ಕೆಟ್ಟದ್ದೋ, ಒಂದೊಂದು ಸ್ಪರ್ಶಕ್ಕೂ ಕೀಲಿಮಣೆಯಲ್ಲಿ ಒಂದು ಕೀಲಿ, ಕೋಷ್ಟಕ ತುಂಬಿ ಕಳಿಸಿದರೆ ಆ ತಂಡದ ತರಬೇತುದಾರರು ನೋಡುತ್ತಾರಂತೆ, ಅದನ್ನು ನೋಡಿಯೇ ಯಾರು ಒಳಗೆ ಯಾರು ಹೊರಗೆ ಅಂತ ತೀರ್ಮಾನವಂತೆ, ನಮ್ಮ ಸೂಪರ್‌ವೈಸರ್ ಯುವರಾಜ್ ಹೇಳಿದ್ದು, ಬಾಲ್ ನೋಡಿ ಮೇಡಂ, ಆಳನ್ನ ನೋಡ್ಬೇಡಿ, ಆಳನ್ನ ನೋಡಿದ್ರೆ ಲೆಕ್ಕ ತಪ್ತೈತೆ. ಹಿಂದಿನ ಆಟದಲ್ಲಿ ನಾನು ಆಳನ್ನು ನೋಡಿದೆ. ಆಳನ್ನೂ ಅಲ್ಲ, ಅಂಗೈಯನ್ನು. ಎದುರಿನವರು ಸರ್ವ್ ಮಾಡುವ ಮೊದಲು ಪ್ರತಿ ಸಲವೂ ಐದನೇ ನಂಬರಿನವಳು ಬಗ್ಗಿ ಬಲಗೈಯನ್ನು ನೆಲಕ್ಕೆ ಒತ್ತುತ್ತಾಳೆ, ಐದೂ ಬೆರಳು ಅಗಲಿಸಿ, ಜ್ವರ ಮುಟ್ಟಿ ನೋಡುವ ಹಾಗೆ, ಆಮೇಲೆ ಏಳುತ್ತಾಳೆ.

ಕಳೆದ ಬುಧವಾರದ ಆಟದ ಕೋಷ್ಟಕ ಮತ್ತೆ ತೆಗೆಯುತ್ತೇನೆ, ಪಕ್ಕದಲ್ಲಿ ವಿಡಿಯೋ ಓಡಿಸುತ್ತೇನೆ, ಐದನೇ ನಂಬರು, ಅವಳು ಎತ್ತಿದ್ದು ಹದಿನೈದು ಸರ್ವ್, ನಾನು ಬರೆದದ್ದು ನಾಲ್ಕು, ಅದರಲ್ಲಿ ಎರಡು ಕೆಟ್ಟವು, ಬಿಟ್ಟುಹೋದ ಹನ್ನೊಂದೂ ಒಳ್ಳೆಯವು, ಒಂದೊಂದೂ ಹೊಡೆಯುವವರಿಗೆ ಚೆಂಡು ಹಂಚುವ ಸೆಟ್ಟರ್ ಕೈಗೆ ಹೂವು ಇಟ್ಟ ಹಾಗೆ ಹೋಗಿವೆ. ಬುಧವಾರ ಎಂದರೆ ಅಮ್ಮ ಹೋಗಿ ಹನ್ನೆರಡನೇ ದಿನ, ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ನಾನು ಕೆಲಸಕ್ಕೆ ಬಂದೆ, ಪಕ್ಕದ ಕುರ್ಚಿಯ ಶಾಂತಿ, ಅಯ್ಯೋ ಇಷ್ಟು ಬೇಗ ಬಂದ್ಬುಟ್ಟೇನೇ, ಇನ್ನೆರಡು ದಿನ ಇರಬಾರ್ದಾ ಅಂದಳು, ಪರವಾಗಿಲ್ಲ ಅಂದೆ, ನಿಜವಾಗಿಯೂ ಪರವಾಗಿರಲಿಲ್ಲವೋ ಏನೋ, ಏನೂ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುತ್ತಿಲ್ಲ, ಅಮ್ಮ ಹೋದ ದಿನ ಗುಮ್ಮಳಾಪುರದ ನಮ್ಮ ಮನೆಯಲ್ಲಿ ಹೆಂಗಸರೆಲ್ಲ ಗೋಡೆಗೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದರು, ಬೈರತ್ತೆ ಎಲ್ಲರಿಗೂ ಕೇಳಿಸುವ ಹಾಗೆ, ಏನಮ್ಮಿ ನೀನು, ಹೆತ್ತೋಳು ಹೋಗವ್ಳೆ, ಕಣ್ಣಾಗೆ ಒಂದು ಹನಿ ಇಲ್ವಲ್ಲೇ, ಓದ್ದೋರೆಲ್ಲ ಹಿಂಗೇನಾ, ನನ್ನ ತಮ್ಮ ಗಿರಿ ನಡುವೆ ಬಂದು, ಬಿಡು ಅತ್ತೆ, ಅಕ್ಕ ಅಳೋದಕ್ಕೆ ನಿಂಗೆ ಲೆಕ್ಕ ಕೊಡಬೇಕಾ, ನಾನು ಲೋಟ ತೊಳೆಯುತ್ತಿದ್ದೆ, ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದೆ.

ಹನ್ನೆರಡೂವರೆ. ಬುಧವಾರದ ಕೋಷ್ಟಕ ತಿದ್ದಲು ಪರದೆಯ ಮೇಲೆ ತೆರೆದಿರುವ ಕಿಟಕಿ ಒಂದು ಗಂಟೆಗೆ ಮುಚ್ಚುತ್ತದೆ, ಆಮೇಲೆ ಆ ನಾಲ್ಕು ನಾಲ್ಕೇ, ಯಾವತ್ತಿಗೂ, ತಿದ್ದಿದರೆ ನನ್ನ ಹೆಸರಿನ ಮುಂದೆ ಮೂರನೇ ತಪ್ಪು, ತನ್ನ ತಪ್ಪು ತಾನೇ ತೋರಿಸಿದರೂ ತಪ್ಪೇ ಮೇಡಂ, ರೂಲ್ಸ್ ನಂದಲ್ಲ, ಅಂದಿದ್ದ ಯುವರಾಜ್, ಮೂರಾದರೆ ನಾಳೆಯಿಂದ ಈ ಕುರ್ಚಿ ಇಲ್ಲ, ಕುರ್ಚಿ ಇಲ್ಲದಿದ್ದರೆ ಬೆಳಗಿನ ಬಸ್ಸಿಲ್ಲ, ಬಸ್ಸಿಲ್ಲದಿದ್ದರೆ ದಿನವಿಡೀ ಆ ಮನೆ, ಆ ನಡುಮನೆ, ಕಾವಿ ಬಣ್ಣದ ಆ ಸಿಮೆಂಟು ನೆಲ, ಅದರೆದುರು ನಾನು. ಈ ತಪ್ಪು ಯಾರಿಗೂ ಗೊತ್ತಿಲ್ಲ, ಯುವರಾಜ್‌ಗೂ ಗೊತ್ತಿಲ್ಲ, ಕೊರಿಯಾದಲ್ಲಿ ಯಾರಿಗೂ ಮಾಲಿನಿ ಎಂಬ ನಾನೊಬ್ಬಳು ಇದ್ದೇನೆಂಬುದು ಗೊತ್ತಿಲ್ಲ, ಐದನೇ ನಂಬರಿನವಳ ಹೆಸರು ನನಗೂ ಗೊತ್ತಿಲ್ಲ, ಅಂಗಿಯ ಮೇಲಿನ ಅಕ್ಷರ ಓದಲು ಬರುವುದಿಲ್ಲ, ಅವಳನ್ನು ಕೂರಿಸಿದ್ದು ನನ್ನ ಕೋಷ್ಟಕವೇ ಅಂತ ಏನು ಖಾತ್ರಿ, ಬೆರಳು ನೋಯುತ್ತಿರಬಹುದು, ಬೇರೆ ಏನೋ ಇರಬಹುದು — ಇರಬಹುದು, ಇರಲಿಕ್ಕಿಲ್ಲ, ಹದಿನಾಲ್ಕನೆಯವಳು ಈಗ ಬಿಟ್ಟ ಚೆಂಡನ್ನು ಅವಳಾಗಿದ್ದರೆ ಎತ್ತುತ್ತಿದ್ದಳು. ಏನೇ, ಊಟಕ್ಕೆ ಬರಲ್ವಾ, ಶಾಂತಿ ಹುಳಿಯನ್ನದ ಡಬ್ಬಿ ಹಿಡಿದು ನಿಂತಿದ್ದಾಳೆ, ಪುಳಿಸಾದಮ್ ತಂದಿವ್ನಿ, ನಿಂಗಂತಾನೇ ಕಳ್ಳೆಬೀಜ ಜಾಸ್ತಿ ಹಾಕಿವ್ನಿ, ಬತ್ತೀನಿ ನಡಿ ಅಂದೆ, ಆ ಕೊರಿಯಾದೋಳು ನಿಂಗೆ ಊಟ ಹಾಕ್ತಾಳೇನೇ ಅಂತ ನಗುತ್ತಾ ಹೋದಳು.

ಕೊನೆಯ ಎರಡು ದಿನ ಅಮ್ಮ ಮಂಚ ಬೇಡವೆಂದಳು, ಕೆಳಗೆ ಮಲಗಿಸೇ, ಮೈಯೆಲ್ಲ ಉರೀತೈತೆ, ಚಾಪೆ ಹಾಸಿದೆ, ಕೈಯನ್ನು ಚಾಪೆಯಾಚೆ ಚಾಚಿ ಅಂಗೈ ನೆಲಕ್ಕೆ ಒತ್ತಿಕೊಂಡಳು, ಐದೂ ಬೆರಳು ಅಗಲಿಸಿ, ತಣ್ಣಗೈತೆ ಕಣೇ, ಎಷ್ಟು ತಣ್ಣಗೈತೆ ನೋಡು, ನೀನೂ ಇಡು, ಇಡ್ತೀನಿ ಇರು ಅಂದೆ, ಒಲೆಯ ಮೇಲೆ ಗಂಜಿ ಇತ್ತು, ಉಕ್ಕುತ್ತಿತ್ತು, ಇಳಿಸಿ ಬಂದೆ, ಅಷ್ಟರಲ್ಲಿ — ಕೈ ಹಾಗೇ ಇತ್ತು. ಎತ್ತಿ ಎದೆಯ ಮೇಲಿಡಬೇಕಿತ್ತು, ಎತ್ತಿದೆ, ಮೈಯೆಲ್ಲ ಬಿಸಿ, ಅಂಗೈ ಮಾತ್ರ ತಣ್ಣಗೆ, ನೆಲದಷ್ಟೇ ತಣ್ಣಗೆ. ನಾನು ನನ್ನ ಅಂಗೈ ನೆಲಕ್ಕೆ ಇಡಲೇ ಇಲ್ಲ. ಅದು ಎಲ್ಲೂ ದಾಖಲಾಗಿಲ್ಲ, ತಿದ್ದಲು ಅದಕ್ಕೆ ಕಿಟಕಿಯೂ ಇಲ್ಲ. ಹನ್ನೆರಡು ಐವತ್ತು, ಬಿಟ್ಟುಹೋದವುಗಳಲ್ಲಿ ಮೊದಲನೆಯದು, ಒಳ್ಳೆಯದು, ಎರಡನೆಯದು, ಒಳ್ಳೆಯದು, ವಿಡಿಯೋ ನಿಲ್ಲಿಸುತ್ತಾ, ಹಿಂದಕ್ಕೆ ಓಡಿಸುತ್ತಾ, ಈ ಸಲ ಚೆಂಡನ್ನಷ್ಟೇ ನೋಡುತ್ತಾ, ಏಳು, ಎಂಟು, ಒಂಬತ್ತು, ಬೆರಳುಗಳು ತಮ್ಮಷ್ಟಕ್ಕೇ ಒತ್ತುತ್ತಿವೆ, ಹನ್ನೊಂದು, ತಪ್ಪಿಗೆ ಕಾರಣ ಎಂಬ ಖಾಲಿ ಜಾಗ, ಗಮನ ಬೇರೆಡೆ ಇತ್ತು ಎಂದು ಬರೆದೆ, ಹೊಣೆ ಯಾರು, ಮಾಲಿನಿ, ಕಳಿಸು. ಹೋಯಿತು. ಎದೆಯಲ್ಲಿ ಏನೂ ಆಗಲಿಲ್ಲ, ಕೆಳಗಿನ ಲೇತ್ ಊಟಕ್ಕೆ ನಿಂತಿತು, ಅಷ್ಟೇ, ಗಾಜಿನ ಕೋಣೆಯಲ್ಲಿ ಯುವರಾಜ್ ತನ್ನ ಪರದೆಯತ್ತ ಬಗ್ಗಿದ, ತಲೆ ಎತ್ತಿ ನನ್ನ ಕಡೆ ನೋಡಿದ, ನಾನು ನಿನ್ನೆಯ ಆಟವನ್ನು ಮತ್ತೆ ಓಡಿಸಿದೆ, ತಿದ್ದಿದರೂ ಈ ಆಟದಲ್ಲಿ ಅವಳು ಮೂಲೆಯಲ್ಲೇ, ಇದು ಆಗಿಹೋಗಿದೆ, ಎದುರಿನವಳು ಸರ್ವ್‌ಗೆ ಚೆಂಡು ನೆಲಕ್ಕೆ ಕುಟ್ಟುತ್ತಾಳೆ, ಒಂದು, ಎರಡು, ಮೂಲೆಯಲ್ಲಿ ಜಾಕೆಟ್ಟಿನವಳು ಬಗ್ಗುತ್ತಾಳೆ, ಅವಳ ಕಡೆಗೆ ಯಾವ ಚೆಂಡೂ ಬರುವುದಿಲ್ಲ, ಆದರೂ ಬಗ್ಗುತ್ತಾಳೆ, ಯುವರಾಜ್ ಬಾಗಿಲು ತೆಗೆದ, ಮಾಲಿನಿ ಮೇಡಂ, ಚೆಂಡು ಮೇಲೆ ಹಾರಿದೆ, ನಾನು ಕೀಲಿ ಒತ್ತಬೇಕು, ಒತ್ತುತ್ತಿಲ್ಲ, ಮೂಲೆಯಲ್ಲಿ ನೆಲಕ್ಕೆ ಅವಳ ಅಂಗೈ, ಐದೂ ಬೆರಳು ಅಗಲಿಸಿ, ಮೇಡಂ, ನೆಲಕ್ಕೆ ಅಂಗೈ, ಅಂಗೈ